ಇನ್ನು ಮುಂದೆ ನಮ್ಮಲ್ಲಿ ಗಾಡಿ ಇಳಿಸುವುದಿಲ್ಲ

ಕಲಬುರಗಿ

ನಮ್ಮ ಗ್ಯಾರೇಜಿನ ಎಲ್ಲ ಗ್ರಾಹಕರಿಗೆ ಶರಣು ಶರಣಾರ್ಥಿ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕಾರಿನ ಸಸ್ಪೆನ್ಷನ್ ಇಳಿಸುವ, ಅಂದರೆ ಸ್ಪ್ರಿಂಗ್ ಗಿಡ್ಡ ಮಾಡಿ ಗಾಡಿಯನ್ನು ನೆಲದ ಕಡೆ ತಗ್ಗಿಸುವ ಕೆಲಸ ನಾವು ಪೂರ್ತಿ ನಿಲ್ಲಿಸುತ್ತಿದ್ದೇವೆ. ಸ್ಪ್ರಿಂಗ್ ಕಟ್ ಮಾಡೋದೂ ಇಲ್ಲ, ನೀವೇ ತಂದುಕೊಟ್ಟ ಗಿಡ್ಡ ಸ್ಪ್ರಿಂಗ್ ಹಾಕೋದೂ ಇಲ್ಲ. ಈಗಾಗಲೇ ಮುಂಗಡ ಕೊಟ್ಟವರಿಗೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಕಾರಣ ಹೇಳದೆ ಸುಮ್ನೆ ಬೋರ್ಡ್ ತೆಗೆದರೆ ಸರಿಯಲ್ಲ, ಅದಕ್ಕೇ ಈ ಪತ್ರ.

ಕಳೆದ ಬೇಸಿಗೆಯಲ್ಲಿ ಆಳಂದ ಕಡೆಯ ಗ್ರಾಹಕರೊಬ್ಬರ ಕಾರನ್ನು ಎಳೆದುಕೊಂಡು ಬಂದರು. ಏಳು ತಿಂಗಳ ಹಿಂದೆ ನಾವೇ ಇಳಿಸಿಕೊಟ್ಟ ಗಾಡಿ ಅದು. ಮದುವೆ ಮುಗಿಸಿಕೊಂಡು ರಾತ್ರಿ ಐದು ಜನ ಬರುತ್ತಿದ್ದಾಗ ಊರ ಮುಂದಿನ ಹಂಪ್‌ಗೆ ತಳ ಬಡಿದಿದೆ. ಆಯಿಲ್ ಚೇಂಬರ್ ಒಡೆದಿದೆ. ಆಯಿಲ್ ಎಚ್ಚರಿಕೆಯ ಕೆಂಪು ಲೈಟ್ ಹತ್ತಿದ್ದು ಅವರು ನೋಡಿದ್ದರು. ಆದರೆ ಮಕ್ಕಳು ನಿದ್ದೆಯಲ್ಲಿದ್ದವು, ಮನೆ ಹತ್ತಿರವೇ ಇತ್ತು, ಹಾಗಾಗಿ ನಿಲ್ಲಿಸಲಿಲ್ಲ. ಇಂಜಿನ್ ಜಾಮ್ ಆಯಿತು. ನಾವು ಚೇಂಬರ್ ಬಿಚ್ಚಿ ಪರಸಿ ಕಲ್ಲಿನ ಮೇಲೆ ಇಟ್ಟು ನೋಡಿದರೆ ಬೆರಳು ಹೋಗುವಷ್ಟು ಸೀಳು. ಒಳಗೆ ಒಂದು ಹನಿ ಆಯಿಲ್ ಇರಲಿಲ್ಲ. ಆ ಗ್ರಾಹಕರು ನಮಗೆ ಒಂದು ಮಾತೂ ಅನ್ನಲಿಲ್ಲ. “ನಾನೇ ಕೇಳಿ ಮಾಡಿಸಿದ್ದು ಬಿಡ್ರಿ” ಅಂದರು. ಆದರೆ ಬೇಡ ಅಂತ ಹೇಳಬೇಕಾದವರು ನಾವಿದ್ದೆವು. ಹೇಳಲಿಲ್ಲ. ಆ ರಾತ್ರಿ ಗಾಡಿಯಲ್ಲಿದ್ದವರಿಗೆ ಏನೂ ಆಗಲಿಲ್ಲ ಅನ್ನೋದೊಂದೇ ಸಮಾಧಾನ.

ಲೆಕ್ಕ ನೀವೇ ನೋಡಿ. ಸಾಧಾರಣ ಸಣ್ಣ ಕಾರಿನ ತಳ ನೆಲದಿಂದ ಸುಮಾರು 165 ಮಿಲಿಮೀಟರ್ ಎತ್ತರದಲ್ಲಿರುತ್ತದೆ. 40 ಇಳಿಸಿದರೆ ಉಳಿಯೋದು 125. ಐದು ಜನ ಕೂತು ಡಿಕ್ಕಿ ತುಂಬಿದರೆ ಇನ್ನೂ ಎರಡು ಬೆರಳು ಕುಗ್ಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರುತ್ತದೆ. ಅಷ್ಟು ಅಗಲಕ್ಕೆ ಹರಡಿಕೊಂಡಿದ್ದರೆ ತಗ್ಗಿದ ಗಾಡಿಯೂ ನಿಧಾನಕ್ಕೆ ದಾಟಿಕೊಳ್ಳುತ್ತದೆ. ನಮ್ಮ ಹಳ್ಳಿಗಳ ಮುಂದೆ ಅಂಥ ಹಂಪ್ ಎಷ್ಟಿವೆ? ಬಹಳ ಕಡೆ ಇರೋದು ಗಾಲಿಯಷ್ಟೇ ಅಗಲದ ಚೂಪು ಗುಡ್ಡೆ. ಮುಂದಿನ ಗಾಲಿ ಇಳಿಯಿತು, ಹಿಂದಿನದು ಇನ್ನೂ ಹತ್ತಿಲ್ಲ, ನಡುವಿನ ಹೊಟ್ಟೆ ಅದರ ಮೇಲೆ ಕೂರುತ್ತದೆ. ಅದರ ಮೇಲೆ ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹೊಸದಾಗಿ ಹಾಕಿದ ರಸ್ತೆಯೂ ಒಂದೆರಡು ವರ್ಷಕ್ಕೆ ಅಲೆಯಂತೆ ಏಳುತ್ತದೆ. ಸಿಮೆಂಟ್ ಲಾರಿ ಓಡುವ ಸೇಡಂ ರಸ್ತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಪ್ರಿಂಗ್ ಕಟ್ ಮಾಡಿದರೆ ಗಾಡಿ ಬಿಗಿಯಾಗುತ್ತದೆ, ಅದು ನಿಜ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಸುಮಾರು ಶೇಕಡಾ 20ರಷ್ಟು ಗಡುಸಾಗುತ್ತದೆ. ಆದರೆ ಅದು ಮೇಲೆ ಕೆಳಗೆ ಆಡುವ ಜಾಗ ಅದಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಆಗ ಶಾಕಪ್ (ಶಾಕ್ ಅಬ್ಸಾರ್ಬರ್) ಪದೇಪದೇ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಹೋಗಿ ಗುದ್ದುತ್ತದೆ. ಸೀಲ್ ಹೋಗಿ ಆಯಿಲ್ ಸೋರುತ್ತದೆ. ಗಾಲಿ ಗುಂಡಿಯಲ್ಲಿ ಪೂರ್ತಿ ಕೆಳಗೆ ಜೋತುಬಿದ್ದಾಗ ಗಿಡ್ಡಾದ ಸ್ಪ್ರಿಂಗ್ ತಾನು ಕೂರುವ ಸೀಟಿನಿಂದ ಕದಲಿ ವಾರೆಯಾಗಿ ಕೂರಬಹುದು. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ದರಂತೂ ಉಕ್ಕಿನ ಹದವೇ ಹೋಗಿರುತ್ತದೆ.

ಅದೇ ಆಳಂದದ ಗಾಡಿಯ ಮುಂದಿನ ಟೈರ್ ಬಿಚ್ಚಿದೆವು. ಹೊರಗಿನ ಕಡೆ ಗ್ರಿಪ್ ಚೆನ್ನಾಗಿತ್ತು. ಕೈ ಒಳಗಿನ ಅಂಚಿಗೆ ಹೋದರೆ ತಂತಿ ಚುಚ್ಚಿತು. ಗಾಡಿ ತಗ್ಗಿದಾಗ ಗಾಲಿಯ ತಲೆ ಒಳಗೆ ವಾಲುತ್ತದೆ, ಟೋ, ಅಂದರೆ ಗಾಲಿಯ ಮೂತಿ ಒಳಗೆ ಹೊರಗೆ ತಿರುಗಿರುವ ಕೋನ ಕೂಡ ತಪ್ಪುತ್ತದೆ. ಟೋ ಅನ್ನು ಅಲೈನ್‌ಮೆಂಟ್ ಮಷಿನ್ ಮೇಲೆ ಸರಿ ಮಾಡಬಹುದು, ಆದರೆ ನಮ್ಮಲ್ಲಿ ಬರುವ ಬಹುತೇಕ ಸಣ್ಣ ಕಾರುಗಳಲ್ಲಿ ವಾಲಿದ್ದನ್ನು ಸರಿಮಾಡೋದಕ್ಕೆ ದಾರಿಯೇ ಇಲ್ಲ. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗೇ ಕಾಣುತ್ತದೆ. ಭಯ ಇರೋದು ಅಲ್ಲೇ. ಗಾಲಿಯನ್ನು ಹಿಡಿದಿರುವ ಮತ್ತು ತಿರುಗಿಸುವ ಭಾಗಗಳಾದ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಆಕ್ಸಲ್ ಬೂಟ್ ಎಲ್ಲಕ್ಕೂ ಕೋನ ಬದಲಾಗಿ ಎಳೆತ ಬೀಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ರಬ್ಬರ್ ಮೊದಲೇ ಒಣಗಿರುತ್ತದೆ.

ಇಳಿಸಿದ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತದೆ ಅಂತ ಹೇಳುವವರ ಮಾತು ಸುಳ್ಳಲ್ಲ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ, ಹೊಂದುವ ಶಾಕಪ್ ಜೊತೆ ಹಾಕಿದರೆ ಅದು ಒಳ್ಳೆಯ ಕೆಲಸವೇ. ಆದರೆ ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಅಂಥ ತಿರುವು ಎಲ್ಲಿದೆ? ಬಯಲು ಸೀಮೆ ನಮ್ಮದು, ರಸ್ತೆ ನೇರ ಓಡುತ್ತದೆ. ಗ್ರಾಹಕರೊಬ್ಬರ ತಾಯಿಗೆ ಬೆನ್ನು ನೋವು. ಇಳಿಸಿದ ಗಾಡಿಯಲ್ಲಿ ಗಾಣಗಾಪುರಕ್ಕೆ ಹೋಗುವಾಗ ಪ್ರತಿ ದೊಡ್ಡ ಹಂಪ್ ಬಂದಾಗಲೂ ಆ ತಾಯಿ ಕೆಳಗಿಳಿದು, ನಡೆದು ದಾಟಿ, ಮತ್ತೆ ಹತ್ತಿದರಂತೆ. ಇದನ್ನು ಕೇಳಿದ ಮೇಲೆ ನಮಗೆ ಸ್ಪ್ರಿಂಗ್ ಕತ್ತರಿಸೋಕೆ ಮತ್ತೆ ಗ್ರೈಂಡರ್ ಹಿಡಿಯುವ ಮನಸ್ಸಾಗಲಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸೋದಕ್ಕೆ ಮಿತಿ ಹಾಕಿದೆ. ಬದಲಿಸಿದ್ದು ಗೊತ್ತಾದರೆ ವಿಮೆ ಕ್ಲೇಮ್‌ಗೆ ತಕರಾರು ಬರಬಹುದು, ವಾರಂಟಿಗೂ ತೊಂದರೆ.

ಗಾಡಿ ಜಾಸ್ತಿ ಅಲ್ಲಾಡುತ್ತದೆ ಅಂತ ಇಳಿಸಲು ಬರುತ್ತಿದ್ದವರು ದಯವಿಟ್ಟು ಮೊದಲು ತೋರಿಸಿ. ಎಷ್ಟೋ ಸಲ ಹಳೆಯ ಶಾಕಪ್ ಅಥವಾ ಸವೆದ ಲಿಂಕ್ ರಾಡ್ ಬದಲಿಸಿದರೆ ಸಾಕಾಗುತ್ತದೆ. ಚೆಕ್ ಮಾಡೋದಕ್ಕೆ ದುಡ್ಡಿಲ್ಲ.

ನಮ್ಮಲ್ಲಿ ಇಳಿಸಿಕೊಂಡವರು ಮತ್ತೆ ಎತ್ತಿಸಿಕೊಳ್ಳಲು ಬಂದರೆ ದೀಪಾವಳಿವರೆಗೆ ಮಜೂರಿ ಇಲ್ಲ. ಸಾಮಾನಿನ ಖರ್ಚು ಮತ್ತು ಅಲೈನ್‌ಮೆಂಟ್ ಮಾತ್ರ ನಿಮ್ಮದು. ಕಟ್ ಮಾಡಿದ ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡಿಸಿ ತರಬೇಡಿ, ಅದು ಮುರಿಯುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿಸಿಕೊಂಡು ಮೂಲ ಸ್ಪ್ರಿಂಗ್ ನಮ್ಮಲ್ಲೇ ಬಿಟ್ಟುಹೋದವರದ್ದು ಹಿಂದಿನ ಕೋಣೆಯಲ್ಲಿ ಗಾಡಿ ನಂಬರಿನ ಚೀಟಿ ಕಟ್ಟಿ ಇಟ್ಟಿದ್ದೇವೆ. ಮನೆಯಲ್ಲಿ ಇಟ್ಟುಕೊಂಡವರು ಬರುವಾಗ ಜೊತೆಗೆ ತನ್ನಿ. ಬೆಳಿಗ್ಗೆ ಬಂದು ಬಿಟ್ಟರೆ ಸಂಜೆಗೆ ಗಾಡಿ ಕೊಡುತ್ತೇವೆ.

ನಿಮ್ಮ ಗ್ಯಾರೇಜಿನವರು