ಗುಲಾಬಿ ಕಾಯಿ: ಒಳಗಿನ ಸುಂಕು ಮರೆತ ಬರಹ

ಮಾನ್ಯರೇ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಗುಲಾಬಿ ಕಾಯಿಯ (ರೋಸ್‌ಹಿಪ್) ಬರಹದಲ್ಲಿ ವಿಟಮಿನ್ ಸಿ ಗುಣಗಾನ ಧಾರಾಳವಾಗಿದೆ. ಆದರೆ ಕಾಯಿಯ ಒಳಗಿನ ಸುಂಕಿನ (ಚುಚ್ಚುವ ಸಣ್ಣ ರೋಮದ) ಬಗ್ಗೆ ಒಂದು ಮಾತೂ ಇಲ್ಲ. ಒಣ ಕಾಯಿ ಜಜ್ಜಿ, ಅರ್ಧ ಗಂಟೆ ಕುದಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಕುಡಿಯಿರಿ ಎಂದಿದ್ದಾರೆ. ರೋಮದ ಕಾಟ ಬಲ್ಲವರು ಹೀಗೆ ಮಾಡುವುದಿಲ್ಲ.

ಬೇಲಿಗುಲಾಬಿಯ (ರೋಸಾ ಕ್ಯಾನಿನಾ) ಹಣ್ಣನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ತೆಳುವಾದ ಕೆಂಪು ತಿರುಳು, ಒಳಗೆ ಒತ್ತೊತ್ತಾಗಿ ಗಟ್ಟಿ ಬೀಜ, ಬೀಜಗಳ ನಡುವೆ ಬಿಳಿ ಬಿರುಸು ರೋಮ. ತಿನ್ನುವುದು ತಿರುಳನ್ನು ಮಾತ್ರ. ಜೋಳದ ರಾಶಿಯಲ್ಲಿ ಮೈಗೆ ಹತ್ತುವ ಸುಂಕಿನ ಹಾಗೆಯೇ ಈ ರೋಮವೂ ಚುಚ್ಚುತ್ತದೆ. ಹೊಟ್ಟೆಗೆ ಹೋದರೆ ಗಂಟಲು, ಕರುಳು, ಕೊನೆಗೆ ಗುದದ್ವಾರದವರೆಗೂ ನವೆ. ಬ್ರಿಟನ್ನಿನ ಶಾಲಾ ಮಕ್ಕಳು ಇದನ್ನೇ ತುರಿಕೆ ಪುಡಿ ಮಾಡಿ ಒಬ್ಬರ ಅಂಗಿಯೊಳಗೆ ಇನ್ನೊಬ್ಬರು ಹಾಕುತ್ತಿದ್ದರು. ಎಷ್ಟು ಕುದಿಸಿದರೂ ಈ ರೋಮ ಕರಗುವುದಿಲ್ಲ, ಚಹಾ ಜಾಲರಿಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ.

ಸರಿಯಾದ ಕ್ರಮಕ್ಕೆ ಒಳ್ಳೆಯ ಮಾದರಿ ಎರಡನೇ ಮಹಾಯುದ್ಧದ ಬ್ರಿಟನ್. ಕಿತ್ತಳೆ ತರುವ ಹಡಗುಗಳು ನಿಂತಾಗ, 1941ರಿಂದ ಅಲ್ಲಿ ಬೇಲಿಸಾಲಿನ ಗುಲಾಬಿ ಕಾಯಿ ಆರಿಸಿ ಮಕ್ಕಳಿಗೆ ಸಿರಪ್ ಮಾಡಿಕೊಟ್ಟರು. 1943ರಲ್ಲಿ ಆಹಾರ ಇಲಾಖೆ ಹಂಚಿದ ಕರಪತ್ರದ ವಿಧಾನ ಇಂದಿಗೂ ನಡೆಯುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ: ಸ್ಟೀಲ್ ಪಾತ್ರೆಯಲ್ಲಿ 1.7 ಲೀಟರ್ ನೀರು ಮಳ್ಳುತ್ತಿರಬೇಕು. 900 ಗ್ರಾಂ ಹಣ್ಣನ್ನು ತರಿತರಿಯಾಗಿ ಅರೆದು, ಅರೆದ ತಕ್ಷಣ ಆ ನೀರಿಗೆ ಹಾಕಬೇಕು. ಒಂದು ಕುದಿ ಬಂದೊಡನೆ ಇಳಿಸಿ 15 ನಿಮಿಷ ಬಿಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯಲ್ಲಿ ಸೋಸಿ. ಮೊದಲು ಇಳಿದ ಅರ್ಧ ಲೋಟ ರಸವನ್ನು ಮತ್ತೆ ಅದೇ ಬಟ್ಟೆಗೆ ಸುರಿಯಬೇಕು, ಏಕೆಂದರೆ ಚರಟ ಕೂತು ಬಟ್ಟೆಯ ಕಣ್ಣು ಬಿಗಿಯುವ ಮೊದಲು ರೋಮ ಜಾರಿರುತ್ತದೆ. ಉಳಿದ ಚರಟಕ್ಕೆ ಇನ್ನೂ 850 ಮಿ.ಲೀ. ಕುದಿನೀರು ಹಾಕಿ, 10 ನಿಮಿಷ ಬಿಟ್ಟು ಸೋಸಿ. ಎರಡೂ ರಸ ಕೂಡಿಸಿ 850 ಮಿ.ಲೀ.ಗೆ ಇಳಿಯುವ ತನಕ ಕುದಿಸಿ, 560 ಗ್ರಾಂ ಸಕ್ಕರೆ ಹಾಕಿ ಮತ್ತೆ ಐದು ನಿಮಿಷ ಕುದಿಸಿ. ಬಿಸಿ ಇರುವಾಗಲೇ ಚಿಕ್ಕ ಚಿಕ್ಕ ಬಾಟಲಿಗಳಿಗೆ ತುಂಬಿ ಮುಚ್ಚಿ, ಕತ್ತಲಲ್ಲಿಡಿ. ಬಾಟಲಿ ಚಿಕ್ಕದೇ ಆಗಬೇಕು. ಮುಚ್ಚಳ ತೆರೆದ ಮೇಲೆ ಈ ಸಿರಪ್ ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

‘ಅರೆದ ತಕ್ಷಣ’ ಎಂದಿರುವುದಕ್ಕೂ ಕಾರಣವಿದೆ. ಹಣ್ಣು ಸೀಳಿದ ಕ್ಷಣದಿಂದ ಅದರೊಳಗಿನ ಕಿಣ್ವ ಗಾಳಿಯ ಜೊತೆ ಸೇರಿ ವಿಟಮಿನ್ ಸಿಯನ್ನು ಹಾಳು ಮಾಡತೊಡಗುತ್ತದೆ. ಕುದಿನೀರು ಆ ಕಿಣ್ವವನ್ನು ಕೊಲ್ಲುತ್ತದೆ. ರಾತ್ರಿ ಹೆಚ್ಚಿಟ್ಟು ಬೆಳಿಗ್ಗೆ ಬೇಯಿಸಿದರೆ ಬಣ್ಣ, ರುಚಿ ಉಳಿದಾವು, ಅಷ್ಟೇ. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಯಲ್ಲೂ ಇದೇ ಗತಿ.

ಚಹಾಕ್ಕಾದರೆ ಹಣ್ಣು ಸೀಳಿ, ಚಿಕ್ಕ ಚಮಚದಿಂದ ಬೀಜ ಮತ್ತು ರೋಮ ಕೆರೆದು, ತೊಳೆದು, ಸಿಪ್ಪೆಯನ್ನಷ್ಟೇ ಒಣಗಿಸಬೇಕು. ಮುರಿದರೆ ಲಟಕ್ಕೆನ್ನಬೇಕು, ಬಾಗಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಇಡಿಯಾಗಿ ಒಣಗಿಸಿದ್ದಿದ್ದರೆ ಮಿಕ್ಸಿಯಲ್ಲಿ ಎರಡು ಮೂರು ಸುತ್ತು ತಿರುವಿ, ಹಿಟ್ಟಿನ ಜರಡಿಯಲ್ಲಿ ಏನೂ ಉದುರದಷ್ಟು ಹೊತ್ತು ಜಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಒಂದು ಲೋಟ ಕುದಿನೀರಿಗೆ ಒಂದು ಟೀ ಚಮಚ ಸಿಪ್ಪೆ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಬರುವ ಬಣ್ಣ ತಿಳಿ ಕಿತ್ತಳೆ. ಅಂಗಡಿಯ ‘ರೋಸ್‌ಹಿಪ್ ಟೀ’ ರಕ್ತಗೆಂಪಾಗಿದ್ದರೆ ಸಾಮಾನ್ಯವಾಗಿ ಅದು ಪುಂಡಿ ಜಾತಿಯ ಗಿಡದಲ್ಲಿ ಕಾಯಿಯ ಸುತ್ತ ಉಳಿಯುವ ಕೆಂಪು ಎಸಳಿನ ಬಣ್ಣ. ಕುಡಿಯಲು ತೊಂದರೆಯಿಲ್ಲ, ಆದರೆ ದುಡ್ಡು ಯಾವುದಕ್ಕೆ ಕೊಟ್ಟಿರಿ ಎಂಬುದು ಗೊತ್ತಿರಲಿ.

ಸ್ವೀಡನ್ನಿನವರು ಇದೇ ಹಣ್ಣನ್ನು ಬೇಯಿಸಿ, ಸೋಸಿ, ಆಲೂಗೆಡ್ಡೆ ಪಿಷ್ಟ ಹಾಕಿ ತೆಳು ಅಂಬಲಿಯಂತೆ ಮಾಡಿ ಕೆನೆಯ ಜೊತೆ ಕುಡಿಯುತ್ತಾರೆ. ದಕ್ಷಿಣ ಜರ್ಮನಿಯಲ್ಲಿ ಮಂಜು ಬಿದ್ದು ಮೆತ್ತಗಾದ ಹಣ್ಣಿನ ತಿರುಳನ್ನು ಜಾಮ್ ಮಾಡಿ ಕರಿದ ಬನ್ನಿನೊಳಗೆ ತುಂಬುತ್ತಾರೆ. ಜಾಮಿಗೆ ಮೆತ್ತಗಿನ ಹಣ್ಣು ಸರಿ. ವಿಟಮಿನ್ನಿಗಾಗಿ ಕೀಳುವವರಿಗೆ ಕೆಂಪಾಗಿಯೂ ಇನ್ನೂ ಗಟ್ಟಿಯಾಗಿರುವ ಹಣ್ಣೇ ಬೇಕು.

ಬರಹದಲ್ಲಿ ರೋಸ್‌ಹಿಪ್ ಎಣ್ಣೆಯಲ್ಲಿ ‘ಹೇರಳ ವಿಟಮಿನ್ ಸಿ’ ಇದೆ ಎಂದೂ ಇದೆ. ಅದು ಶುದ್ಧ ತಪ್ಪು. ಎಣ್ಣೆ ಬೀಜದ್ದು, ವಿಟಮಿನ್ ಸಿ ಇರುವುದು ತಿರುಳಿನಲ್ಲಿ. ಅದು ನೀರಿನಲ್ಲಿ ಕರಗುವ ವಸ್ತು, ಎಣ್ಣೆಗೆ ಬರುವುದೇ ಇಲ್ಲ. ಒಣ ಚರ್ಮಕ್ಕೆ ಎಣ್ಣೆ ಹಿತವೇ, ಆದರೆ ಬೇಗ ಕಮಟುತ್ತದೆ, ಫ್ರಿಜ್ಜಿನಲ್ಲಿಡಿ.

ಗುಲಾಬಿ ಕಾಯಿ ಮಂಡಿನೋವಿಗೆ ಒಳ್ಳೆಯದು ಎಂಬ ವಿಚಾರದಲ್ಲಿ ಬರಹ ಪೂರ್ತಿ ಸುಳ್ಳಲ್ಲ. ಬೀಜ ಸಮೇತ ವಿಶೇಷವಾಗಿ ಸಂಸ್ಕರಿಸಿದ ಪುಡಿಯನ್ನು ದಿನಕ್ಕೆ 5 ಗ್ರಾಂನಂತೆ ಕೊಟ್ಟ ಪ್ರಯೋಗಗಳಲ್ಲಿ ನೋವು ಸ್ವಲ್ಪ ತಗ್ಗಿದ್ದು ಕಂಡಿದೆ. ಸ್ವಲ್ಪ ಮಾತ್ರ; ಸವೆದ ಮಂಡಿ ಮತ್ತೆ ಬೆಳೆದದ್ದಲ್ಲ. ಸಿರಪ್ಪಿನಲ್ಲಿ ಅಷ್ಟು ಸಕ್ಕರೆ ಇರುವುದರಿಂದ ಮಧುಮೇಹಿಗಳು ದೂರವಿರಲಿ. ಮೂತ್ರಪಿಂಡದ ಕಲ್ಲು ಇರುವವರು, ದೇಹದಲ್ಲಿ ಕಬ್ಬಿಣ ಹೆಚ್ಚಾಗುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪುಡಿ ತಿನ್ನಬಾರದು.

ಇನ್ನು ‘ಮನೆ ಮುಂದಿನ ಗುಲಾಬಿಯ ಕಾಯಿಯೂ ಆದೀತು’ ಎಂಬ ಸಲಹೆ. ನಮ್ಮಲ್ಲಿ ಮಾರುವ ಹೈಬ್ರಿಡ್ ಗುಲಾಬಿ ಕಾಯಿ ಕಟ್ಟುವುದೇ ಅಪರೂಪ. ಕಟ್ಟಿದರೂ ಆ ಗಿಡಕ್ಕೆ ಥ್ರಿಪ್ಸ್ ಕೀಟ, ಬೂದಿರೋಗ ಎಂದು ಹೊಡೆದ ಔಷಧಿ ತಿನ್ನುವ ಬೆಳೆಗೆ ಹೊಡೆಯುವಂಥದ್ದಲ್ಲ. ವಿಟಮಿನ್ ಸಿಗಾಗಿ ಅಷ್ಟು ಪಾಡೇಕೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು 250, ಪೇರಲದಲ್ಲಿ 200ಕ್ಕೂ ಹೆಚ್ಚು ಮಿಲಿಗ್ರಾಂ ಇದೆ. ಪೇರಲವನ್ನು ಬೇಯಿಸುವುದೂ ಬೇಕಿಲ್ಲ, ಸೋಸುವುದೂ ಬೇಕಿಲ್ಲ.

ವಿದೇಶದಲ್ಲಿರುವ ಮಕ್ಕಳು ಕಳಿಸಿದ ಪೊಟ್ಟಣ ಎಷ್ಟೋ ಮನೆಗಳಲ್ಲಿರುತ್ತದೆ. ಬಳಸುವ ಮೊದಲು ಅದು ಬೀಜ ತೆಗೆದ ಸಿಪ್ಪೆಯೋ ಇಡೀ ಕಾಯೋ ನೋಡಿಕೊಳ್ಳಬೇಕು. ಇಡೀ ಕಾಯಾದರೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಇದಿಷ್ಟನ್ನಾದರೂ ಮುಂದಿನ ಪುರವಣಿಯಲ್ಲಿ ತಿದ್ದುಪಡಿಯಾಗಿ ಹಾಕಬೇಕೆಂದು ಕೋರುತ್ತೇವೆ.

– ಆಹಾರ ಸಂಸ್ಕರಣೆಯಲ್ಲಿ ತೊಡಗಿರುವ ಓದುಗರು, ಧಾರವಾಡ