ಬ್ಯಾಡ್ಜ್‌ಗಳ ಹೊಸ ದರ, ಹೊಸ ಪದ್ಧತಿ: ನಮ್ಮ ಗ್ರಾಹಕರಿಗೆ ಪತ್ರ

ಖಡಕಿ, ಪುಣೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳಿಂದ ಸೇನೆಯ ಇಂಜಿನಿಯರ್ ದಳಗಳ ಬ್ಯಾಡ್ಜ್‌ಗಳನ್ನು ಮೊದಲೇ ಮಾಡಿಟ್ಟು ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಬ್ಲೇಜರ್‌ಗಾಗಲಿ, ಗೋಡೆಯ ಫ್ರೇಮ್‌ಗಾಗಲಿ, ಆರ್ಡರ್ ಬಂದ ಮೇಲೆಯೇ ಕೈಯಲ್ಲಿ ಹೊಲಿಸುತ್ತೇವೆ. ದರ ಏರುತ್ತದೆ, ಕಾಯುವುದೂ ಜಾಸ್ತಿಯಾಗುತ್ತದೆ. ನಿಮಗಾಗುವ ತೊಂದರೆಗೆ ಕ್ಷಮೆ ಇರಲಿ.

ಮೊದಲು ದರದ ಮಾತು. "ಅಂಗೈ ಅಗಲದ ಬಟ್ಟೆಗೆ ಇಷ್ಟಾ?" ಅಂತ ಕೇಳುತ್ತೀರಿ. ಅದು ಬಟ್ಟೆಯ ಬೆಲೆ ಅಲ್ಲ. ಬ್ಯಾಡ್ಜ್ ಹೊಲಿಯುವ ಜರಿ ಅಂದರೆ ತಾಮ್ರದ ಮೇಲೆ ಬೆಳ್ಳಿ ಹಾಕಿದ ತಂತಿ. ಬೆಳ್ಳಿ ಏರಿದರೆ ಅದೂ ಏರುತ್ತದೆ, ನಮ್ಮ ಕೈಯಲ್ಲಿಲ್ಲ. ಕಸೂತಿ ಮಾಡುವ ಕಾರಿಗರ್ ಆ ತಂತಿಯ ಸುರುಳಿಯನ್ನು ಸಣ್ಣಸಣ್ಣಗೆ ಕತ್ತರಿಸಿ, ಒಂದೊಂದೇ ತುಂಡನ್ನು ಮಣಿ ಪೋಣಿಸಿದ ಹಾಗೆ ಸೂಜಿಗೆ ಪೋಣಿಸಿ ವೆಲ್ವೆಟ್ ಮೇಲೆ ಕೂರಿಸುತ್ತಾರೆ. ಒಂದು ತುಂಡು ಉದ್ದವಾದರೂ ಸಿಂಹದ ಮೂತಿ ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ಹೊಲಿಯಬೇಕು. ಅವರ ಕೂಲಿ ಕಡಿದು ದರ ಇಳಿಸುವುದು ನಮ್ಮಿಂದಾಗದು. "ಲೂಟಿ" ಅನ್ನುವ ಮಾತು ಕೇಳಿ ನಿಜಕ್ಕೂ ನೋವಾಗಿದೆ.

ಇನ್ನು ಪದೇ ಪದೇ ಬರುವ ದೂರು: "ನಾವು ಕಳಿಸಿದ ಚಿತ್ರದ ಹಾಗೆ ಯಾಕೆ ಮಾಡಲ್ಲ? ಕಿರೀಟ ಯಾವುದಾದರೇನು?"

ಯಾವುದಾದರೂ ನಡೆಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಬ್ಯಾಡ್ಜ್ ಮೇಲೆ ಅವರ ದೊರೆಯ ಕಿರೀಟ ಇರುತ್ತಿತ್ತು. ನೀವು ಕಳಿಸುವ ಎಷ್ಟೋ ಚಿತ್ರಗಳಲ್ಲಿರುವುದು ಬ್ರಿಟನ್ನಿನ ಎಲಿಜಬೆತ್ ರಾಣಿ ಕಾಲದ ಕಿರೀಟ, ಕಮಾನು ನಡುವೆ ತಗ್ಗಿರುವಂಥದ್ದು. ರಾಣಿ ಪಟ್ಟಕ್ಕೆ ಬಂದದ್ದು 1952ರಲ್ಲಿ. ನಮ್ಮಲ್ಲಿ 1950ರ ಜನವರಿ 26ಕ್ಕೇ ಗಣರಾಜ್ಯ ಬಂತು, ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಅಂದಮೇಲೆ ಆ ಕಿರೀಟ ನಮ್ಮ ಸೇನೆಯ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಬ್ಯಾಡ್ಜ್ ಮೇಲೆ ಹೇಗೆ ಬಂದೀತು? ನಿಮ್ಮ ಅಜ್ಜ ಎರಡನೇ ಮಹಾಯುದ್ಧಕ್ಕೆ ಹೋದವರಾದರೆ, ಅವರ ಕಾಲದ್ದು ಕಮಾನು ದುಂಡಗಿರುವ ಟ್ಯೂಡರ್ ಕಿರೀಟ. 1950ರ ಆಮೇಲಿನವರಿಗೆ ಸಿಂಹ, ಕೆಳಗೆ ದೇವನಾಗರಿಯಲ್ಲಿ ದಳದ ಧ್ಯೇಯವಾಕ್ಯ 'ಸರ್ವತ್ರ'.

ಬ್ರಿಟಿಷ್ ಸೇನೆಯ ಇಂಜಿನಿಯರ್ ದಳವಾದ ರಾಯಲ್ ಇಂಜಿನಿಯರ್ಸ್‌ನ ಉರಿಯುವ ಬಾಂಬಿನ ಚಿಹ್ನೆ, ಅಂದರೆ ಗ್ರೆನೇಡ್‌ನಲ್ಲಿ ಎರಡು ಜ್ವಾಲೆ ಬಿಟ್ಟು ದರ ಕಡಿಮೆ ಮಾಡಿ ಅಂದವರೂ ಇದ್ದಾರೆ. ಅದಕ್ಕೆ ಒಂಬತ್ತೇ ಇರಬೇಕು. ಏಳಾದರೆ ಅದು ಅವರ ಫಿರಂಗಿ ದಳ ರಾಯಲ್ ಆರ್ಟಿಲರಿಯವರದಾಗುತ್ತದೆ!

ರಾಮ ರಾಘೋಬಾ ರಾಣೆಯವರ ಫ್ರೇಮ್ ಕೇಳುವವರು ಬಹಳ. ಕಾರವಾರದ ಚೆಂಡಿಯಾದವರು, ಬಾಂಬೆ ಸ್ಯಾಪರ್ಸ್‌ನವರು. ಆ ಹೆಮ್ಮೆ ನಮಗೂ ಇದೆ. ಕಾಶ್ಮೀರದ ಯುದ್ಧದಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲದಲ್ಲಿ ಹೂತಿಟ್ಟ ಮೈನ್ ತೆಗೆದು, ಅಡ್ಡ ಬಿದ್ದ ಮರ ಸರಿಸಿ, ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟರು. ಆ ಸಾಹಸಕ್ಕೇ ಪರಮವೀರ ಚಕ್ರ. ಅದು 1948ರ ಏಪ್ರಿಲ್. ಸಿಂಹಗಳು ಇನ್ನೂ ಬಂದಿರಲಿಲ್ಲ. ಹಾಗಾಗಿ ಆ ಯುದ್ಧದ ಫ್ರೇಮ್‌ಗೆ ಸಿಂಹ ಹೊಲಿದುಕೊಡುವುದಿಲ್ಲ. ದಯವಿಟ್ಟು ಒತ್ತಾಯ ಮಾಡಬೇಡಿ.

ಮೊದಲೇ ಮಾಡಿಟ್ಟರೆ ಎಲ್ಲರಿಗೂ ಒಂದೇ ಬ್ಯಾಡ್ಜ್ ಕೊಡಬೇಕಾಗುತ್ತದೆ, ಅದಕ್ಕೇ ಈ ಬದಲಾವಣೆ. ಆರ್ಡರ್ ಕೊಡುವಾಗ ಸೇವೆಯ ಇಸವಿಗಳನ್ನು ಬರೆದುಕೊಡಿ. ಡಿಸ್ಚಾರ್ಜ್ ಬುಕ್ ಇದ್ದರೆ ಅದರ ಜೆರಾಕ್ಸ್ ತನ್ನಿ. ಹಳೇ ಫೋಟೊ ಇದ್ದರೆ ಇನ್ನೂ ಒಳ್ಳೆಯದು, ಟೋಪಿಯ ಮೇಲಿನದ್ದನ್ನು ಭೂತಗನ್ನಡಿ ಇಟ್ಟು ನಿಮ್ಮ ಜೊತೆಯೇ ಕೂತು ನೋಡುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ದರವೇ. ಪೆನ್ಷನ್ ಮೇಲೆ ಇರುವ ಹಿರಿಯರು, ಯೋಧರ ಮನೆಯ ತಾಯಂದಿರು ದುಡ್ಡಿನ ಚಿಂತೆಗೆ ಹಿಂಜರಿಯಬೇಡಿ. ಅಂಗಡಿಗೆ ಬನ್ನಿ, ಕಂತಿನಲ್ಲಿ ಕೊಟ್ಟರೂ ಆಯಿತು.

ಇಂತಿ,
ನಿಮ್ಮ ಅಂಗಡಿಯವರು