ಹಿಮನಾಡಿನ ಯೋಧರಿಗೆ ಅನ್ನ ಹಾಕುವವರು ಯಾರು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಹಿಮನಾಡಿನ ಧಾರಾವಾಹಿಯನ್ನು ತಪ್ಪದೆ ಓದುತ್ತಿದ್ದೇವೆ. ಉತ್ತರ ಯುರೋಪಿನ ಹಳೆಯ ದೇವರುಗಳಾದ ಓಡಿನ್, ಥಾರ್‌ರನ್ನು ಹೋಲುವ ದೇವತೆಗಳು, ಹಿಮನದಿಯ ನೆತ್ತಿಯ ಮೇಲೊಂದು ಕೋಟೆ, ಅದರೊಳಗೆ ತೋಳದ ತೊಗಲು ಹೊದ್ದ ಮುನ್ನೂರು ಯೋಧರ ಪಂಥ. ಕನ್ನಡದಲ್ಲಿ ಇಂಥ ಕಥೆ ಬರುತ್ತಿರುವುದೇ ಖುಷಿಯ ಸಂಗತಿ. ಕಟ್ಟುಕಥೆಯಲ್ಲಿ ಇತಿಹಾಸ ಹುಡುಕುತ್ತ ಕೂರಬಾರದು ಎಂಬುದೂ ಗೊತ್ತು. ಆದರೂ ಆ ಪಂಥದ ಕಟ್ಟುಪಾಡು ಓದಿದಾಗಲೆಲ್ಲ ಬೇರೆ ಯಾರೋ ನೆನಪಾಗುತ್ತಾರೆ. ಜೀವನಪೂರ್ತಿ ಬ್ರಹ್ಮಚರ್ಯ, ಆಯುಧ ಮುಟ್ಟದ ಪ್ರಧಾನ ಅರ್ಚಕ, ಎಲ್ಲರಿಗೂ ಒಂದೇ ನಿಲುವಂಗಿ, ಸೇರುವಾಗಲೇ ಸ್ವಂತ ಆಸ್ತಿಯ ತ್ಯಾಗ: ಇವು ಹೆಚ್ಚುಕಡಿಮೆ 12ನೇ ಶತಮಾನದ ಜೆರುಸಲೇಮಿನ ಕ್ರೈಸ್ತ ಟೆಂಪ್ಲರ್ ಸನ್ಯಾಸಿ-ಸೈನಿಕರ ಲಕ್ಷಣ. ಅವರಿಗೆ ತುಪ್ಪಳ ಹೊದಿಸಿದ ಮಾತ್ರಕ್ಕೆ ನಾರ್ಸ್ ಜನ (ವೈಕಿಂಗ್ ಕಾಲದ ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್ ಸೀಮೆಯವರು) ಆಗಿಬಿಡುವುದಿಲ್ಲ. ನಿಮ್ಮ ಧಾರಾವಾಹಿಯೊಂದರ ಮೇಲೆ ಮಾತ್ರ ಈ ದೂರು ಹೊರಿಸುವಂತಿಲ್ಲ. ವಿಡಿಯೋ ಗೇಮುಗಳಲ್ಲೂ ಇದೇ ಹಾಡು.

ಮೊದಲು ಉಗ್ರಾಣದ ಲೆಕ್ಕ ನೋಡಿ. ಒಬ್ಬ ಆಳಿಗೆ ದಿನಕ್ಕೆ ಒಂದು ಕಿಲೋ ಬಾರ್ಲಿ ಎಂದಿಟ್ಟುಕೊಂಡರೂ 300 ಮಂದಿಗೆ ವರ್ಷಕ್ಕೆ 109 ಟನ್ ದಾಟುತ್ತದೆ. ಆ ಸೀಮೆಯಲ್ಲಿ ಬಿತ್ತಿದ್ದರ ಮೂರು-ನಾಲ್ಕು ಪಟ್ಟು ಕೈಗೆ ಬಂದರೆ ಒಳ್ಳೆಯ ಬೆಳೆ. ಅದರಲ್ಲೂ ಕಾಲು ಭಾಗವೋ ಮೂರನೇ ಒಂದು ಭಾಗವೋ ಮುಂದಿನ ಬಿತ್ತನೆಗೆ ಎತ್ತಿಡಬೇಕು, ಉಳಿದದ್ದರಲ್ಲಿ ರೈತನ ಮನೆ ನಡೆಯಬೇಕು. ಹಿಮನದಿಯ ಮೇಲಿನ ಕೋಟೆಗೆ ಇಷ್ಟು ಧಾನ್ಯ ಹೊರುವವರು ಯಾರು? ನಾರ್ವೆಯ ದೊರೆಗಳು ಈ ತಾಪತ್ರಯವನ್ನೇ ತಲೆಕೆಳಗು ಮಾಡಿದರು. ಊಟವನ್ನು ಪಡೆಯ ಬಳಿಗೆ ತರಿಸುವ ಬದಲು ಪಡೆಯನ್ನೇ ಊಟದ ಬಳಿಗೆ ಕರೆದೊಯ್ದರು. ದೊರೆ ತನ್ನ ಪರಿವಾರದೊಂದಿಗೆ ಊರಿಂದೂರಿಗೆ ಸುತ್ತುತ್ತಿದ್ದ. ಆಯಾ ಸೀಮೆಯ ರೈತರು ಔತಣ ಹಾಕಬೇಕಿತ್ತು. ಅಲ್ಲಿನ ದಾಸ್ತಾನು ಕರಗುವ ಹೊತ್ತಿಗೆ ಮುಂದಿನ ಊರು.

ಪಡೆ ದೊಡ್ಡದಾದರೆ ಗೊಣಗಾಟವೂ ದೊಡ್ಡದು. 11ನೇ ಶತಮಾನದ ಕೊನೆಯಲ್ಲಿ ಆಳಿದ ನಾರ್ವೆಯ ದೊರೆ ಓಲಾಫ್ ಕ್ಯೂರೆ 120 ಹಿರ್ಡ್ (ದೊರೆಯ ಸ್ವಂತ ಪರಿವಾರದ ಪಡೆ) ಯೋಧರನ್ನೂ ಅವರಿಗಿಂತ ಕೆಳದರ್ಜೆಯ 60 'ಗೆಸ್ಟ್'ಗಳನ್ನೂ 60 ಮನೆಯಾಳುಗಳನ್ನೂ ಇಟ್ಟುಕೊಂಡಿದ್ದ. ಹಿಂದಿನವರಿಗಿಂತ ಇದು ಹೆಚ್ಚಾಯಿತಲ್ಲ ಎಂದು ರೈತರು ಅವನನ್ನು ನೇರವಾಗಿಯೇ ಕೇಳಿದರು ಎಂದು 13ನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದಿಟ್ಟಿದ್ದಾನೆ. ಒಂದು ಇಡೀ ರಾಜ್ಯದ ದೊರೆಗೆ 240 ಮಂದಿಯೇ ಹೊರೆ ಎನಿಸುವಾಗ, ನಾಡಿನ ಮೂಲೆಯ ಒಂದು ಪಂಥಕ್ಕೆ 300 ಹೇಗೆ ಎಂಬುದಕ್ಕೆ ಕಥೆಯೊಳಗೇ ಉತ್ತರ ಇರಬೇಕು. ಕಪ್ಪ, ಸುಂಕ, ಲೂಟಿ, ಯಾವುದಾದರೂ ಸರಿ.

ಈ ಹಿರ್ಡ್ ವ್ಯವಸ್ಥೆಯೊಳಗಿನ ದರ್ಜೆಗಳೇ ಕಾದಂಬರಿಕಾರನಿಗೆ ದೊಡ್ಡ ನಿಧಿ. ಗೆಸ್ಟ್‌ಗಳಿಗೆ ಹಿರ್ಡ್ ಯೋಧರ ಅರ್ಧ ಸಂಬಳ. ದೊರೆಯ ಶತ್ರುಗಳು ಎಲ್ಲಿದ್ದಾರೆ ಎಂದು ಬೇಹು ನಡೆಸುವುದು, ಹೇಳದೆ ಕೇಳದೆ ಮನೆಗೆ ನುಗ್ಗಿ ಮುಗಿಸುವುದು ಅವರ ಕೆಲಸ. ಹಿರ್ಡ್‌ಗೆ ಸೇರುವ ವಿಧಿಯೂ ಸರಳ. ದೊರೆ ಕತ್ತಿಯನ್ನು ಮೊಣಕಾಲ ಮೇಲಿಟ್ಟು ಕೂರುತ್ತಾನೆ. ಸೇರುವವನು ಮಂಡಿಯೂರಿ, ಹಿಡಿಯನ್ನು ಬಲಗೈಯಿಂದ ಕೆಳಗಿನಿಂದ ಹಿಡಿಯುತ್ತಾನೆ. ಅರ್ಚಕ ಬೇಕಿಲ್ಲ, ಕತ್ತಲ ಗವಿಯೂ ಬೇಕಿಲ್ಲ. ಆಮೇಲೆ ಅವನನ್ನು ಕಟ್ಟಿಹಾಕುವುದು ದೊರೆ ಕೊಟ್ಟ ಉಂಗುರ, ಆಯುಧ ಮತ್ತು ಅವನ ಮನೆಯಲ್ಲಿ ಉಂಡ ಅನ್ನ. ನಮ್ಮ ಶಾಸನಗಳ ಜೋಳವಾಳಿ (ಉಂಡ ಅನ್ನದ ಋಣ), ವೇಳೆವಾಳಿ (ಒಡೆಯನಿಗಾಗಿ ಪ್ರಾಣ ಕೊಡುವ ಪ್ರತಿಜ್ಞೆ)ಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅರ್ಚಕರ ವಿಷಯ. ಐಸ್‌ಲ್ಯಾಂಡಿನಲ್ಲಿ ಪೂಜೆಯ ಹೊಣೆ ಹೊತ್ತ 'ಗೋಥಿ' ಊರಿನ ಮುಖಂಡನೂ ಹೌದು, ಕಾನೂನುಸಭೆಯ ಸದಸ್ಯನೂ ಹೌದು, ಜಗಳ ಬಂದರೆ ಈಟಿ ಹಿಡಿದು ಮುಂದೆ ನಿಲ್ಲುವವನೂ ಅವನೇ. 930ರಲ್ಲಿ ಆಲ್‌ಥಿಂಗ್ ಮಹಾಸಭೆ ಆರಂಭವಾದಾಗ ಇಂಥ 36 ಸ್ಥಾನಗಳಿದ್ದವು, ಮುಂದೆ 39 ಆದವು. ಈ ಸ್ಥಾನ ತಂದೆಯಿಂದ ಮಗನಿಗೆ ಬರುತ್ತಿತ್ತು, ಮಾರಾಟಕ್ಕೂ ಸಿಗುತ್ತಿತ್ತು, ಇಬ್ಬರು ಹಂಚಿಕೊಳ್ಳಲೂಬಹುದಿತ್ತು. ರೈತನಿಗೆ ತನ್ನ ಗೋಥಿ ಹಿಡಿಸದಿದ್ದರೆ ಬೇರೆಯವನ ಕಡೆ ಹೋಗುವ ಹಕ್ಕಿತ್ತು. ಸಭೆಗೆ ಹೊರಟಾಗ ಗೋಥಿ ತನ್ನ ಒಂಬತ್ತು ಮಂದಿ ಅನುಯಾಯಿಗಳಿಗೆ ಒಬ್ಬನಂತೆ ಜೊತೆಗೆ ಕರೆಯಬಹುದಿತ್ತು. ಬಲಿಪೀಠದ ಮೇಲೆ ಕನಿಷ್ಠ ಎರಡು ಐರಿರ್, ಎಂದರೆ ಸುಮಾರು 54 ಗ್ರಾಂ ತೂಕದ ಬಳೆ ಇರಬೇಕು. ಸಭೆಯ ದಿನ ಗೋಥಿ ಅದನ್ನು ತೊಟ್ಟು, ಬಲಿಯ ಎತ್ತಿನ ರಕ್ತದಲ್ಲಿ ತೋಯಿಸಬೇಕು. ವ್ಯಾಜ್ಯ ಇದ್ದವರು ಅದರ ಮೇಲೆ ಆಣೆ ಇಡಬೇಕು ಎಂದು ಹಳೆಯ ಬರಹ ಹೇಳುತ್ತದೆ.

ದೇವಸ್ಥಾನ ಎಂಬ ಪ್ರತ್ಯೇಕ ಕಟ್ಟಡವೂ ಎಲ್ಲೆಡೆ ಇರಲಿಲ್ಲ. ಉತ್ತರ ಐಸ್‌ಲ್ಯಾಂಡಿನ ಹೋಫ್‌ಸ್ತಾದಿರ್‌ನಲ್ಲಿ ಅಗೆದಾಗ ಸಿಕ್ಕಿದ್ದು ಸುಮಾರು 38 ಮೀಟರ್ ಉದ್ದದ ಔತಣದ ಹಜಾರ. ಜೊತೆಗೆ ಕನಿಷ್ಠ 23 ದನಗಳ ತಲೆಬುರುಡೆ. ಮೂಳೆಯ ಗುರುತುಗಳಿಂದ ಕೊಂದ ಕ್ರಮವೂ ತಿಳಿಯುತ್ತದೆ: ಕಣ್ಣುಗಳ ನಡುವೆ ಒಂದು ಭಾರಿ ಪೆಟ್ಟು, ಜೊತೆಗೇ ಕುತ್ತಿಗೆಗೆ ಕೊಡಲಿ ಏಟು. ಒಬ್ಬನಿಂದ ಆಗುವ ಕೆಲಸವಲ್ಲ ಇದು. ಮಾಂಸಕ್ಕಾಗಿ ಕಡಿಯುವವರು ಹೀಗೆ ಕಡಿಯುವುದೂ ಇಲ್ಲ. ರಕ್ತ ಚಿಮ್ಮುವುದು ನೆರೆದವರಿಗೆ ಕಾಣಲಿ ಎಂದೇ ಮಾಡಿದ್ದು. ಬುರುಡೆಗಳು ಬಿಸಿಲು-ಮಳೆಗೆ ಸವೆದಿರುವುದರಿಂದ ಅವುಗಳನ್ನು ಬಹುಕಾಲ ಹೊರಗೆ ತೂಗುಹಾಕಿದ್ದರೆಂದು ಸಂಶೋಧಕರು ತೀರ್ಮಾನಿಸಿದ್ದಾರೆ. ಇಂಥ ಒಂದು ದೃಶ್ಯ ಬರೆದರೆ ಪಿಸುಮಾತಿನ ಮಂತ್ರದ ಹತ್ತು ಪುಟ ಉಳಿಯುತ್ತದೆ.

ಆವೇಶ ಬಂದು ಹುಚ್ಚೆದ್ದು ಕಾದುವ ಬರ್ಸರ್ಕ್‌ಗಳನ್ನು ನಿಮ್ಮ ಲೇಖಕರು ಊರವರೆಲ್ಲ ಕೈಮುಗಿಯುವ ಪವಿತ್ರ ಯೋಧರನ್ನಾಗಿ ಮಾಡಿದ್ದಾರೆ. 900ರ ಸುಮಾರಿನ ನಾರ್ವೆಯ ಹರಾಲ್ಡ್ ದೊರೆಯ ಸ್ತುತಿಪದ್ಯದಲ್ಲಿ ತೋಳದೊಗಲಿನವರಿಗೆ ಗೌರವ ಇದೆ, ಒಪ್ಪೋಣ. ಹಡಗಿನ ಮುಂಭಾಗದಲ್ಲಿ ನಿಲ್ಲುವವರು ಅವರು. ನೂರು ವರ್ಷ ಕಳೆಯುವುದರೊಳಗೆ ಅದೇ ಜನ ಪೀಡೆ ಎನಿಸಿಕೊಂಡರು. ಸಾಗಾಗಳಲ್ಲಿ (ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಗಳಲ್ಲಿ) ಬರ್ಸರ್ಕ್ ಎಂದರೆ ಒಂಟಿ ಜಮೀನಿನ ಮನೆಗೆ ಬಂದು, 'ಮಗಳನ್ನು ಕೊಡು, ಇಲ್ಲವೇ ದ್ವಂದ್ವಯುದ್ಧಕ್ಕೆ ಬಾ' ಎಂದು ವಸೂಲಿಗೆ ಇಳಿಯುವ ಪುಂಡ. ಆ ದ್ವಂದ್ವಕ್ಕೂ ಲೆಕ್ಕಾಚಾರ ಇತ್ತು: ನೆಲದ ಮೇಲೆ ಹಾಸಿದ ಐದು ಮೊಳದ ಚೌಕ ಬಟ್ಟೆ, ತಲಾ ಮೂರು ಗುರಾಣಿ. ಮೂರೂ ಒಡೆದ ಮೇಲೆ ಕೈಯಲ್ಲಿರುವ ಆಯುಧವೇ ಗತಿ. ನಾರ್ವೆಯಲ್ಲಿ ಎರಿಕ್ ಯಾರ್ಲ್ (ಯಾರ್ಲ್ ಎಂದರೆ ಮಾಂಡಲಿಕ) ಇಂಥ ದ್ವಂದ್ವವನ್ನು ನಿಷೇಧಿಸಿ ಬರ್ಸರ್ಕ್‌ಗಳನ್ನು ಹೊರಹಾಕಿದ. ಐಸ್‌ಲ್ಯಾಂಡಿನ ಗ್ರಾಗಾಸ್ ಕಾನೂನಿನಲ್ಲಿ ಆವೇಶ ಬಂದವನಿಗೆ ಮೂರು ವರ್ಷ ಗಡೀಪಾರು. ಅವನನ್ನು ಹಿಡಿದು ಕಟ್ಟದೆ ನೋಡುತ್ತ ನಿಂತವರಿಗೂ ಅದೇ ಶಿಕ್ಷೆ! ಇದೊಂದೇ ಕಲಮು ಕಥೆಗೆ ಎಷ್ಟು ಬಿಕ್ಕಟ್ಟು ಒದಗಿಸುತ್ತದೆ ನೋಡಿ. ಅಣಬೆ ತಿಂದು ಆವೇಶ ಬರಿಸಿಕೊಳ್ಳುವ ಪ್ರಸಂಗವನ್ನು ಮಾತ್ರ ಕೈಬಿಡಬಹುದು. ಅದು 1784ರಲ್ಲಿ ಸ್ವೀಡನ್ನಿನ ಸಾಮ್ಯುಯೆಲ್ ಓಡ್‌ಮನ್ ಮಾಡಿದ ಊಹೆ, ಯಾವ ಸಾಗಾದಲ್ಲೂ ಅಣಬೆಯ ಸುದ್ದಿ ಇಲ್ಲ.

ಸಾಗಾದಲ್ಲಿ ಬರುವ ಯೋಮ್ಸ್‌ಬೋರ್ಗ್ ಕೋಟೆಯ ವೈಕಿಂಗರು ಇದ್ದರಲ್ಲ ಎಂದು ಲೇಖಕರು ಕೇಳಬಹುದು. ಕಟ್ಟುನಿಟ್ಟಿನ ಪಂಥಕ್ಕೆ ಹತ್ತಿರದ ಮಾದರಿ ಅವರದೇ: 18ಕ್ಕಿಂತ ಚಿಕ್ಕವರಿಗೂ 50 ದಾಟಿದವರಿಗೂ ಪ್ರವೇಶ ಇಲ್ಲ, ಕೋಟೆಯೊಳಗೆ ಹೆಂಗಸರಿಲ್ಲ, ಮೂರು ರಾತ್ರಿಗಿಂತ ಹೆಚ್ಚು ಹೊರಗಿರುವಂತಿಲ್ಲ, ಲೂಟಿಯೆಲ್ಲ ಒಂದೇ ರಾಶಿಗೆ. ಆದರೆ ಈ ನಿಯಮಾವಳಿ ನಮಗೆ ಸಿಕ್ಕಿರುವುದು 1200ರ ಆಸುಪಾಸಿನ ಸಾಗಾದಿಂದ, ಆ ಯೋಧರ ಕಾಲದ ಇನ್ನೂರು ವರ್ಷದ ನಂತರ, ಟೆಂಪ್ಲರರ ಹೆಸರು ಯುರೋಪಿನಲ್ಲೆಲ್ಲ ಹರಡಿದ್ದ ಹೊತ್ತಿನಲ್ಲಿ. ಜಾಗ ಇಂದಿನ ಪೋಲೆಂಡಿನ ವೋಲಿನ್ ಇರಬೇಕು ಎನ್ನುತ್ತಾರೆ. ಅಲ್ಲಿ ಸಿಕ್ಕಿರುವುದು ಎಲ್ಲ ಕುಲದವರೂ ಬೆರೆತ ವ್ಯಾಪಾರದ ಪಟ್ಟಣ. ಆ ಯೋಧರ ಕಾಲದಲ್ಲೇ, 980ರ ಆಸುಪಾಸಿನಲ್ಲಿ, ಡೆನ್ಮಾರ್ಕಿನಲ್ಲಿ ಕಟ್ಟಿದ ವೃತ್ತಾಕಾರದ ಕೋಟೆಗಳ ಸ್ಮಶಾನಗಳಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ.

ಅಂಥ ಒಂದು ಕೋಟೆಯಾದ ಫಿರ್ಕಾತ್‌ನಲ್ಲಿ ಬಂಡಿಯ ತೊಟ್ಟಿಯಲ್ಲೇ ಮಲಗಿಸಿ ಹೂಳಿದ ಹೆಂಗಸೊಬ್ಬಳಿದ್ದಾಳೆ. ಅವಳ ಬಳಿ ಒಂದು ಕಬ್ಬಿಣದ ಕೋಲು, ಅಮಲೇರಿಸುವ ವಿಷಸಸ್ಯವೊಂದರ ಬೀಜಗಳು, ಕಾಲ್ಬೆರಳಲ್ಲಿ ಬೆಳ್ಳಿಯ ಉಂಗುರ. ನಮಗೆ ಕಾಲುಂಗುರ ಮಾಮೂಲು. ಆ ನಾಡಿನಲ್ಲಿ ಅದು ಅಪರೂಪದಲ್ಲಿ ಅಪರೂಪ. ಅವಳನ್ನು 'ವೋಲ್ವ', ಅಂದರೆ ಕಣಿ ಹೇಳುವವಳು ಎಂದು ಗುರುತಿಸುತ್ತಾರೆ. ವೋಲ್ವಳ ಊಟ-ಉಡುಪಿನ ವಿವರ ಗ್ರೀನ್‌ಲ್ಯಾಂಡಿನ ಕಥೆಯೊಂದರಲ್ಲಿ ಇದೆ: ಒಳಗೆ ಬಿಳಿ ಬೆಕ್ಕಿನ ತುಪ್ಪಳ ಹೊಲಿದ ಕಪ್ಪು ಕುರಿದೊಗಲಿನ ಕುಲಾವಿ, ಹಿತ್ತಾಳೆ ಗುಬಟಿನ ಕೋಲು, ಕೂರಲು ಕೋಳಿಗರಿ ತುಂಬಿದ ದಿಂಬು, ಊಟಕ್ಕೆ ಮೇಕೆಹಾಲಿನ ಅಂಬಲಿ ಮತ್ತು ಆ ಮನೆಯಲ್ಲಿದ್ದ ಪ್ರತಿ ಜಾತಿಯ ಪ್ರಾಣಿಯ ಗುಂಡಿಗೆ. ಬರಗಾಲದ ವರ್ಷ ಮನೆಯಿಂದ ಮನೆಗೆ ಕರೆಸಿಕೊಳ್ಳುವ ಈ ಒಂಟಿ ಹೆಂಗಸು ಯಾವ ಮಠಕ್ಕೂ ಸೇರಿದವಳಲ್ಲ. ಧಾರಾವಾಹಿಯಲ್ಲಿ ಒಂಬತ್ತು ಕಂತು ಮುಗಿದರೂ ಇವಳ ಸುಳಿವಿಲ್ಲ ಎಂಬುದೇ ನಮ್ಮ ದೊಡ್ಡ ತಕರಾರು.

ಕೊನೆಗೆ ಚಿತ್ರಕಾರರಿಗೆ ಒಂದು ಮಾತು. ಶಿರಸ್ತ್ರಾಣದ ಕೊಂಬು ತೆಗೆಯಿರಿ. ಆ ಕಲ್ಪನೆ ಜನರ ತಲೆಯಲ್ಲಿ ಬೇರೂರಿದ್ದು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಆಡಿದ ಗೀತನಾಟಕದ ವೇಷಭೂಷಣದಿಂದ. ಗುರಾಣಿಯನ್ನು ತೋಳಿಗೆ ಪಟ್ಟಿ ಬಿಗಿದು ತೋರಿಸಬೇಡಿ. ನಡುವೆ ತೂತು, ಅದರ ಮುಂದೆ ಕಬ್ಬಿಣದ ಗುಬಟು, ಹಿಂದೆ ಅಡ್ಡಪಟ್ಟಿಯ ಹಿಡಿ: ಮುಷ್ಟಿಯಲ್ಲೇ ಹಿಡಿಯುವ ವಸ್ತು ಅದು. ಹಲಗೆಯ ದಪ್ಪ ಒಂದು ಸೆಂಟಿಮೀಟರಿಗಿಂತ ಕಡಿಮೆ. ಪೆಟ್ಟನ್ನು ಎದುರಿಗೆ ತಡೆಯಲು ಹೋದರೆ ಸೀಳುತ್ತದೆ, ಓರೆಮಾಡಿ ಜಾರಿಸಬೇಕು. ಮುಂದಿನ ವಾರ ಕಡಲಯುದ್ಧ ಇದೆ ಎಂದು ಪ್ರಕಟಿಸಿದ್ದೀರಿ. 1880ರಲ್ಲಿ ನಾರ್ವೆಯ ಗೋಕ್‌ಸ್ತಾದ್‌ನಲ್ಲಿ ಅಗೆದು ತೆಗೆದ ಹಡಗಿಗೆ ಒಂದೊಂದು ಮಗ್ಗುಲಿಗೆ 32ರಂತೆ 64 ಗುರಾಣಿಗಳಿದ್ದವು, ಒಂದು ಹಳದಿ, ಪಕ್ಕದ್ದು ಕಪ್ಪು. ಕೆಂಪು ಬಣ್ಣದ ಡಬ್ಬಿ ಮುಚ್ಚಿಟ್ಟರೂ ನಡೆಯುತ್ತದೆ.

ಇಂತಿ,
ಧಾರಾವಾಹಿಯ ಓದುಗರು, ಶಿವಮೊಗ್ಗ